ನೋಡ್‌ನಿಂದ ಎಫ್‌ಎಫ್‌ಎಂಪೆಗ್ ಓಡಿಸುವುದು: ಕಿಲ್ ಮಾಡಿದರೂ ಸಾಯದ ಪ್ರೋಸೆಸ್

ಪ್ರಶ್ನೆ: ನಮ್ಮ ಕಡೆಯ ಯಕ್ಷಗಾನದ ಹಳೇ ರೆಕಾರ್ಡಿಂಗ್‌ಗಳನ್ನು ಒಂದು ಕಡೆ ಸೇರಿಸಲು ಸಣ್ಣ ವೆಬ್‌ಸೈಟ್ ಮಾಡಿದ್ದೇನೆ. ಜನ ವಿಡಿಯೊ ಅಪ್‌ಲೋಡ್ ಮಾಡುತ್ತಾರೆ. ನನ್ನ ನೋಡ್ (ಜಾವಾಸ್ಕ್ರಿಪ್ಟ್) ಸರ್ವರ್, ಬೇರೆ ಪ್ರೋಗ್ರಾಮ್ ಓಡಿಸುವ 'ಎಕ್ಸೆಕ್' ಬಳಸಿ, ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಓಡಿಸಿ ಅದನ್ನು ಎಂಪಿ4 ಮಾಡುತ್ತದೆ. ಅದೇ ಸಾಲಿನಲ್ಲಿ && ಹಾಕಿ, ಮುಗಿದ ಮೇಲೆ ಮೂಲ ಫೈಲನ್ನು ಅಳಿಸುತ್ತೇನೆ. ಹತ್ತಿಪ್ಪತ್ತು ನಿಮಿಷದ ತುಣುಕು ಸಲೀಸಾಗಿ ಆಗುತ್ತದೆ. ಇಡೀ ರಾತ್ರಿಯ ಆಟ ಹಾಕಿದರೆ ಮಾತ್ರ ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ ಎರರ್ ಬರುತ್ತದೆ. ವಿಚಿತ್ರ ಅಂದ್ರೆ ಎರರ್ ಬಂದ ಮೇಲೂ, ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಟಾಪ್ ಕಮಾಂಡ್‌ನಲ್ಲಿ ಎಫ್‌ಎಫ್‌ಎಂಪೆಗ್ ಓಡುತ್ತಲೇ ಇರುತ್ತದೆ. ಕ್ಯಾನ್ಸಲ್ ಬಟನ್‌ಗೆ ಕಿಲ್ ಬರೆದಿದ್ದೇನೆ, ಅದೂ ಕೆಲಸ ಮಾಡುತ್ತಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಅಳಿಸುವ ಭಾಗ ಬಿಟ್ಟು ಟೆಸ್ಟ್ ಮಾಡಿದಾಗ ಕಿಲ್ ಸರಿಯಾಗಿ ಆಗಿತ್ತು! ಇನ್ನೊಂದು, ಫೈಲ್ ಹೆಸರು ಕನ್ನಡದಲ್ಲಿದ್ದರೆ ಲಾಗ್‌ನಲ್ಲಿ ಅಲ್ಲಲ್ಲಿ ಅಕ್ಷರದ ಬದಲು ಕಪ್ಪು ಚೌಕದೊಳಗೆ ಪ್ರಶ್ನೆ ಗುರುತು ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:

'ಒಂದೂವರೆ ಗಂಟೆ' ಅಂತ ಓದಿದ ತಕ್ಷಣ ನಗು ಬಂತು, ಬೇಜಾರು ಮಾಡ್ಕೋಬೇಡಿ. ಅಷ್ಟು ಒಳ್ಳೆಯ ಸುಳಿವನ್ನು ಯಾರೂ ಕೊಡುವುದಿಲ್ಲ. ಸಾಮಾನ್ಯವಾಗಿ ಬರುವ ಪ್ರಶ್ನೆ 'ಕೆಲವೊಮ್ಮೆ ಎರರ್ ಬರುತ್ತೆ' ಅನ್ನುವಷ್ಟೇ ಇರುತ್ತದೆ.

ಲೆಕ್ಕ ಹಾಕೋಣ. ಎಫ್‌ಎಫ್‌ಎಂಪೆಗ್ ಕೆಲಸ ಮಾಡುವಾಗ ಎಷ್ಟು ಫ್ರೇಮ್ ಆಯ್ತು, ಎಷ್ಟು ವೇಗ ಅಂತ ಒಂದು ಸಾಲನ್ನು ಬರೆಯುತ್ತಲೇ ಇರುತ್ತದೆ. ಟರ್ಮಿನಲ್‌ನಲ್ಲಿ ನೋಡಿದರೆ ಒಂದೇ ಸಾಲು ಬದಲಾಗುತ್ತಿರುವ ಹಾಗೆ ಕಾಣುತ್ತದೆ, ಆದರೆ ನಿಜಕ್ಕೂ ಅದು ಪ್ರತಿಸಲ ಹೊಸ ಸಾಲನ್ನೇ ಕಳಿಸುತ್ತಿರುತ್ತದೆ, ಸುಮ್ನೆ ಕರ್ಸರನ್ನು ಸಾಲಿನ ಶುರುವಿಗೆ ಒಯ್ಯುತ್ತದೆ ಅಷ್ಟೇ. ಸಾಮಾನ್ಯವಾಗಿ ಅರ್ಧ ಸೆಕೆಂಡಿಗೆ ಒಂದು ಸಾಲು. ಒಂದು ಸಾಲಿಗೆ ಹೆಚ್ಚುಕಡಿಮೆ 100 ಬೈಟ್. ಅಂದರೆ ಸೆಕೆಂಡಿಗೆ 200 ಬೈಟ್. ಇದೆಲ್ಲ ಹೋಗುವುದು ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ಪ್ರೋಗ್ರಾಮ್ ತನ್ನ ಎರರ್, ಸ್ಥಿತಿಗತಿಯ ಮಾತುಗಳನ್ನು ಕಳಿಸುವ ದಾರಿಗೆ.

ಇನ್ನು ಎಕ್ಸೆಕ್ ಏನು ಮಾಡುತ್ತದೆ? ಚೈಲ್ಡ್ ಪ್ರೋಸೆಸ್ (ನೋಡ್ ಶುರು ಮಾಡಿದ ಪ್ರೋಗ್ರಾಮ್) ಬರೆದದ್ದನ್ನೆಲ್ಲ ಮೆಮೊರಿಯಲ್ಲಿ ಕೂಡಿಡುತ್ತದೆ, ಕೊನೆಗೆ ಒಟ್ಟಿಗೆ ನಿಮ್ಮ ಕಾಲ್‌ಬ್ಯಾಕ್‌ಗೆ ಕೊಡುತ್ತದೆ. ಕೂಡಿಡುವುದಕ್ಕೆ ಮಿತಿ ಇದೆ, 'ಮ್ಯಾಕ್ಸ್‌ಬಫರ್' ಅಂತ. ನೋಡ್ 12ರಿಂದ ಈಚೆಗೆ ಅದು 1 ಎಂಬಿ, ಅಂದರೆ 10,48,576 ಬೈಟ್. ಅದಕ್ಕೂ ಮೊದಲು ಬರೀ 200 ಕೆಬಿ ಇತ್ತು. ಈಗ 10,48,576ನ್ನು 200ರಿಂದ ಭಾಗಿಸಿ. ಸುಮಾರು 5,240 ಸೆಕೆಂಡ್. 87 ನಿಮಿಷ. ನಿಮ್ಮ ಒಂದೂವರೆ ಗಂಟೆ ಅದೇ! ಮಿತಿ ದಾಟಿದ ಕ್ಷಣ ನೋಡ್ ಚೈಲ್ಡನ್ನು ಕೊಂದು ಎರರ್ ಕೊಡುತ್ತದೆ. ನಿಮ್ಮ ಲಾಗ್‌ನಲ್ಲಿ ಆ ಎರರನ್ನು ಪೂರ್ತಿ ಪ್ರಿಂಟ್ ಮಾಡಿ ನೋಡಿ, 'ಮ್ಯಾಕ್ಸ್‌ಬಫರ್ ಉದ್ದ ಮೀರಿತು' ಅನ್ನುವ ಅರ್ಥದ ಮಾತು ಅಲ್ಲಿ ಇರಲೇಬೇಕು. ವಿಡಿಯೊಗೂ ಇದಕ್ಕೂ ಸಂಬಂಧವೇ ಇಲ್ಲ, ಅದು ಚೆನ್ನಾಗಿಯೇ ಇತ್ತು. ಅದರ ಪಕ್ಕದ ಹರಟೆ ಜಾಸ್ತಿಯಾಗಿ ಕೆಲಸ ನಿಂತಿತು.

ಮಿತಿಯನ್ನು 50 ಎಂಬಿಗೆ ಏರಿಸಿದರೆ ಆಯ್ತಲ್ಲ ಅಂತ ಯಾರಾದರೂ ಹೇಳಬಹುದು. ಹೌದು, ಎರರ್ ನಿಲ್ಲುತ್ತದೆ. ಆದರೆ ಯಾರಿಗೂ ಬೇಡದ ಆ ಹರಟೆಯನ್ನು ಗಂಟೆಗಟ್ಟಲೆ ಮೆಮೊರಿಯಲ್ಲಿ ಹೊತ್ತುಕೊಂಡು ಕೂರುವುದು ಯಾಕೆ? ಅದಕ್ಕಿಂತ ಮುಖ್ಯವಾಗಿ, ನಿಮ್ಮ ಎರಡನೇ ತೊಂದರೆ ಹಾಗೇ ಉಳಿಯುತ್ತದೆ. ನನ್ನ ಪ್ರಕಾರ ನಿಜವಾದ ತೊಂದರೆ ಅದೇ.

ಮಗ ಮತ್ತು ಮೊಮ್ಮಗ

ಎಕ್ಸೆಕ್‌ಗೆ ನೀವು ಕೊಡುವುದು ಒಂದು ಸ್ಟ್ರಿಂಗ್. ಆ ಸ್ಟ್ರಿಂಗನ್ನು ಬಿಡಿಸಿ ಓದುವುದು ನೋಡ್ ಅಲ್ಲ, ಶೆಲ್, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್. ಲಿನಕ್ಸ್‌ನಲ್ಲಾದರೆ ನೋಡ್ ಮೊದಲು ಒಂದು ಶೆಲ್ ಪ್ರೋಸೆಸ್ ಶುರು ಮಾಡುತ್ತದೆ, ನಿಮ್ಮ ಸಾಲನ್ನು ಅದರ ಕೈಗೆ ಕೊಡುತ್ತದೆ, ಆ ಶೆಲ್ ಎಫ್‌ಎಫ್‌ಎಂಪೆಗ್ ಶುರು ಮಾಡುತ್ತದೆ. ಅಂದರೆ ನೋಡ್‌ನ ಮಗ ಶೆಲ್, ಎಫ್‌ಎಫ್‌ಎಂಪೆಗ್ ಮೊಮ್ಮಗ. ನೀವು ಕಿಲ್ ಅಂತ ಕರೆದಾಗ ಸಿಗ್ನಲ್ ಹೋಗುವುದು ಮಗನಿಗೆ. ಕೆಲಸ ಮಾಡುತ್ತಿರುವವನು ಮೊಮ್ಮಗ, ಅವನಿಗೆ ಸುದ್ದಿಯೇ ಇಲ್ಲ. ಶೆಲ್ ಸಾಯುತ್ತದೆ, ಎಫ್‌ಎಫ್‌ಎಂಪೆಗ್ ಅನಾಥವಾಗುತ್ತದೆ, 1ನೇ ನಂಬರಿನ ಪ್ರೋಸೆಸ್ ಅದನ್ನು ದತ್ತು ತೆಗೆದುಕೊಳ್ಳುತ್ತದೆ, ಅದರ ಪಾಡಿಗೆ ಅದು ಸಿಪಿಯು ತಿನ್ನುತ್ತಾ ಕೂರುತ್ತದೆ. ಮ್ಯಾಕ್ಸ್‌ಬಫರ್ ಮೀರಿದಾಗ ನೋಡ್ ತಾನಾಗಿ ಕಳಿಸುವ ಸಿಗ್ನಲ್‌ದೂ ಇದೇ ಕಥೆ. ಅದಕ್ಕೇ ಎರರ್ ಬಂದ ಮೇಲೂ ನಿಮಗೆ ಟಾಪ್‌ನಲ್ಲಿ ಅದು ಕಂಡದ್ದು.

ಹಾಗಾದರೆ ಲ್ಯಾಪ್‌ಟಾಪ್‌ನಲ್ಲಿ ಹೇಗೆ ಸರಿಯಾಯ್ತು? ಕೆಲವು ಶೆಲ್‌ಗಳು ಸ್ವಲ್ಪ ಜಾಣ. ಓಡಿಸಬೇಕಾದ ಕಮಾಂಡ್ ಒಂದೇ ಒಂದು ಇದ್ದು, ಆಮೇಲೆ ತನಗೇನೂ ಕೆಲಸವಿಲ್ಲ ಅಂತಾದರೆ, ಹೊಸ ಪ್ರೋಸೆಸ್ ಮಾಡದೆ ತಮ್ಮ ಜಾಗವನ್ನೇ ಆ ಕಮಾಂಡ್‌ಗೆ ಬಿಟ್ಟುಕೊಡುತ್ತವೆ. ಆಗ ಶೆಲ್ ಇದ್ದ ಪಿಐಡಿಯಲ್ಲೇ (ಪ್ರೋಸೆಸ್‌ನ ನಂಬರ್) ಎಫ್‌ಎಫ್‌ಎಂಪೆಗ್ ಬಂದು ಕೂರುತ್ತದೆ, ಕಿಲ್ ನೇರವಾಗಿ ಅದಕ್ಕೇ ತಗಲುತ್ತದೆ. ಸರ್ವರ್‌ನಲ್ಲಿ ನೀವು && ಹಾಕಿದ್ದೀರಿ. ಎಫ್‌ಎಫ್‌ಎಂಪೆಗ್ ಮುಗಿದ ಮೇಲೆ ಅಳಿಸುವ ಕೆಲಸ ಬಾಕಿ ಇರುವುದರಿಂದ ಶೆಲ್ ಕಾಯುತ್ತಾ ನಿಲ್ಲಲೇಬೇಕು. ಒಂದು && ಹೆಚ್ಚುಕಮ್ಮಿಗೆ ಇಷ್ಟು ವ್ಯತ್ಯಾಸ. ಇಂಥದ್ದು ಟೆಸ್ಟ್‌ನಲ್ಲಿ ಸಿಗುವುದೇ ಇಲ್ಲ.

ನನಗೂ ಇದು ಆಗಿದೆ. ಹಿಂದೆ ಇದ್ದ ಒಂದು ಕಡೆ, ವೆಬ್ ಪುಟಗಳಿಂದ ಪಿಡಿಎಫ್ ತೆಗೆಯಲು ಕ್ರೋಮ್ ಬ್ರೌಸರನ್ನು ಸ್ಕ್ರೀನ್ ಇಲ್ಲದೆ ಓಡಿಸುವ ಕೋಡ್ ಬರೆದಿದ್ದೆ. 30 ಸೆಕೆಂಡಿನಲ್ಲಿ ಮುಗಿಯದಿದ್ದರೆ ಕಿಲ್. ಚೆನ್ನಾಗಿ ಬರೆದಿದ್ದೇನೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು, ಸರ್ವರ್‌ಗೆ ಲಾಗಿನ್ ಆಗಲಿಕ್ಕೇ ಎರಡು ನಿಮಿಷ ಹಿಡಿಯಿತು, ಒಳಗೆ ಹೋಗಿ ನೋಡಿದರೆ ಪ್ರೋಸೆಸ್ ಪಟ್ಟಿ ತುಂಬಾ ಕ್ರೋಮ್, ಸ್ಕ್ರೀನ್ ಮೇಲೆ ಮೇಲೆ ಹೋಗುತ್ತಲೇ ಇದೆ. ನನ್ನ ಕೋಡ್ ಪ್ರತಿಸಲ ಶೆಲ್ಲನ್ನು ಕೊಂದು 'ಕೊಂದೆ' ಅಂತ ಲಾಗ್ ಬರೆದಿತ್ತು. ಒಂದೊಂದು ಕ್ರೋಮ್‌ಗೂ ಅದರದ್ದೇ ಮಕ್ಕಳು ಬೇರೆ. ಅವತ್ತಿನಿಂದ ಶೆಲ್ ಬೇಡದ ಕಡೆ ಶೆಲ್ ಹಾಕುವುದನ್ನು ಬಿಟ್ಟೆ.

ನಿಮಗೂ ಅದನ್ನೇ ಹೇಳುತ್ತೇನೆ: ನಡುವಿನ ಶೆಲ್ಲನ್ನು ತೆಗೆಯಿರಿ. ಎಕ್ಸೆಕ್ ಬಿಟ್ಟು 'ಸ್ಪಾನ್' ಬಳಸಿ. ಚೈಲ್ಡ್ ಪ್ರೋಸೆಸ್ ಮಾಡ್ಯೂಲ್‌ನಲ್ಲಿ ಇರುವ ಎಕ್ಸೆಕ್, ಎಕ್ಸೆಕ್‌ಫೈಲ್, ಫೋರ್ಕ್ ಎಲ್ಲವೂ ಒಳಗೆ ಹೋಗಿ ನಿಲ್ಲುವುದು ಸ್ಪಾನ್‌ನಲ್ಲೇ. ಸ್ಪಾನ್‌ಗೆ ಮೊದಲು ಪ್ರೋಗ್ರಾಮ್‌ನ ಹೆಸರು, ಆಮೇಲೆ ಆರ್ಗ್ಯುಮೆಂಟ್‌ಗಳ ಅರೇ ಕೊಡುತ್ತೀರಿ. ಒಂದೊಂದು ಆರ್ಗ್ಯುಮೆಂಟ್ ಒಂದೊಂದು ಬೇರೆ ಸ್ಟ್ರಿಂಗ್. ಬಿಡಿಸಿ ಓದುವವರು ಯಾರೂ ಇಲ್ಲ, ಹಾಗೇ ಎಫ್‌ಎಫ್‌ಎಂಪೆಗ್‌ನ ಕೈಗೆ ಹೋಗುತ್ತದೆ. ಅಲ್ಲಿಗೆ ಎಫ್‌ಎಫ್‌ಎಂಪೆಗ್ ನೇರ ಮಗನಾಯಿತು, ಕಿಲ್ ಅದಕ್ಕೇ ತಗಲುತ್ತದೆ. ಮೂಲ ಫೈಲ್ ಅಳಿಸುವ ಕೆಲಸಕ್ಕೆ && ಬೇಡ, ಎಫ್‌ಎಫ್‌ಎಂಪೆಗ್ ಸರಿಯಾಗಿ ಮುಗಿಯಿತು ಅಂತ ಗೊತ್ತಾದ ಮೇಲೆ ನೋಡ್‌ನಿಂದಲೇ ಅಳಿಸಿ.

ಇದರಲ್ಲಿ ಇನ್ನೊಂದು ಲಾಭ ಇದೆ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಈಗ ನಿಮ್ಮ ಕೋಡ್‌ನಲ್ಲಿ ಯಾರೋ ಅಪ್‌ಲೋಡ್ ಮಾಡಿದ ಫೈಲ್‌ನ ಹೆಸರು ನೇರ ಶೆಲ್‌ಗೆ ಹೋಗುತ್ತಿದೆ, ಅಲ್ವಾ? ಹೆಸರಿನ ನಡುವೆ ಯಾರಾದರೂ ಸೆಮಿಕೋಲನ್ ಹಾಕಿ, ಮುಂದೆ 'ಎಲ್ಲ ಅಳಿಸು' ಅನ್ನುವ ಕಮಾಂಡ್ ಬರೆದು ಅಪ್‌ಲೋಡ್ ಮಾಡಿದರೆ ನಿಮ್ಮ ಶೆಲ್ ಪಾಪ ಅದನ್ನೂ ನಿಯತ್ತಾಗಿ ಓಡಿಸುತ್ತದೆ. ಡಬಲ್ ಕೋಟ್ ಹಾಕಿದ್ದೇನೆ ಅಂತೀರಾ? ಡಬಲ್ ಕೋಟ್ ಒಳಗೂ ಡಾಲರ್ ಗುರುತು ಮತ್ತು ಬ್ರಾಕೆಟ್ ಹಾಕಿದ ಕಮಾಂಡ್ ಓಡುತ್ತದೆ. ಕೋಟ್ ಹಾಕಿ ಗೆಲ್ಲುವ ಆಟ ಅಲ್ಲ ಇದು. ಅರೇ ಕೊಟ್ಟರೆ ಈ ತೊಂದರೆ ಬುಡದಲ್ಲೇ ಹೋಗುತ್ತದೆ. ಆದರೂ ಹೈಫನ್‌ನಿಂದ ಶುರುವಾಗುವ ಹೆಸರನ್ನು ಎಫ್‌ಎಫ್‌ಎಂಪೆಗ್ ಫೈಲ್ ಅಂತ ತಿಳಿಯದೆ ಆಪ್ಷನ್ ಅಂತ ತಿಳಿದುಬಿಡಬಹುದು. ಹಾಗಾಗಿ ಡಿಸ್ಕ್‌ನಲ್ಲಿ ಜನ ಕೊಟ್ಟ ಹೆಸರು ಇಡಲೇಬೇಡಿ. ನೋಡ್‌ನ ಕ್ರಿಪ್ಟೋ ಮಾಡ್ಯೂಲ್‌ನಿಂದ ಒಂದು ಯುಯುಐಡಿ (ಬೇರೆಲ್ಲೂ ಬಾರದಂಥ ಗುರುತಿನ ಸಂಖ್ಯೆ) ಮಾಡಿ ಅದನ್ನೇ ಫೈಲ್ ಹೆಸರಾಗಿಸಿ, ಜನ ಕೊಟ್ಟ ಕನ್ನಡದ ಹೆಸರು ಡೇಟಾಬೇಸ್‌ನಲ್ಲಿ ಇರಲಿ. ಕನ್ನಡ ಹೆಸರಿಗೆ ಇನ್ನೊಂದು ಸಂಕಟವೂ ಇದೆ. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಗುರುತಿಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಒತ್ತಕ್ಷರ, ಕಾಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಅಂದರೆ 85 ಗುರುತಿಗೆ ಮುಗಿಯಿತು. ಮೇಳದ ಹೆಸರು, ಪ್ರಸಂಗ, ಭಾಗವತರು, ಊರು, ತಾರೀಖು ಎಲ್ಲ ಸೇರಿಸಿ ಹೆಸರಿಡುವ ನಮ್ಮ ಜನಕ್ಕೆ ಅದು ಎಲ್ಲಿ ಸಾಲುತ್ತದೆ!

ಮಗ ಹೇಳುವುದನ್ನು ಕೇಳಿಸಿಕೊಳ್ಳಬೇಕು

ಸ್ಪಾನ್‌ನಲ್ಲಿ ಮ್ಯಾಕ್ಸ್‌ಬಫರ್ ಇಲ್ಲ, ಯಾಕೆಂದರೆ ಅದು ಏನನ್ನೂ ಕೂಡಿಡುವುದಿಲ್ಲ. ಬಂದದ್ದನ್ನು ಬಂದ ಹಾಗೆ ಸ್ಟ್ರೀಮ್ ಆಗಿ ಕೊಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಇಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ. ಪೇರೆಂಟ್ ಮತ್ತು ಚೈಲ್ಡ್ ನಡುವಿನ ಪೈಪ್‌ಗೆ ಇಷ್ಟೇ ಅಂತ ಜಾಗ ಇರುತ್ತದೆ. ನೀವು ಆ ಕಡೆ ಓದದೇ ಇದ್ದರೆ ಪೈಪ್ ತುಂಬುತ್ತದೆ, ತುಂಬಿದ ಮೇಲೆ ಚೈಲ್ಡ್ ಬರೆಯಲು ಹೋಗಿ ಅಲ್ಲೇ ನಿಂತುಬಿಡುತ್ತದೆ. ಎರರ್ ಇಲ್ಲ, ಸಿಪಿಯು ಸೊನ್ನೆ, ವಿಡಿಯೊ 40 ಪರ್ಸೆಂಟ್‌ನಲ್ಲಿ ನಿಂತಿದೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಎಕ್ಸೆಕ್ ಇದ್ದಾಗ ಜಾಸ್ತಿ ಹರಟೆಗೆ ಎರರ್ ಆದರೂ ಬರುತ್ತಿತ್ತು, ಇಲ್ಲಿ ಅದೂ ಇಲ್ಲ.

ಹಾಗಾಗಿ ಮೂರು ಪೈಪ್‌ಗಳ ಬಗ್ಗೆಯೂ ಮೊದಲೇ ತೀರ್ಮಾನ ಮಾಡಿ. 'ಸ್ಟಡಿಯೊ' ಅಂತ ಒಂದು ಆಪ್ಷನ್ ಇದೆ (ಸ್ಟ್ಯಾಂಡರ್ಡ್ ಐಒ ಅಂತ ಬಿಡಿಸಿ ಓದಬೇಕು, ನಮ್ಮ ಬಾಯಲ್ಲಿ ಅದು ಸ್ಟುಡಿಯೊ ಆಗಿಬಿಟ್ಟಿದೆ). ಇನ್‌ಪುಟ್‌ಗೆ 'ಇಗ್ನೋರ್' ಕೊಡಿ. ಎಫ್‌ಎಫ್‌ಎಂಪೆಗ್‌ಗೆ ಕೀಬೋರ್ಡ್‌ನಿಂದ ಓದುವ ಚಟ ಇದೆ, ಕ್ಯೂ ಒತ್ತಿದರೆ ನಿಲ್ಲುವುದು, ಔಟ್‌ಪುಟ್ ಫೈಲ್ ಆಗಲೇ ಇದ್ದರೆ 'ಮೇಲೆ ಬರೆಯಲಾ?' ಅಂತ ಕೇಳಿ ಕಾಯುವುದು. ಸರ್ವರ್‌ನಲ್ಲಿ ಉತ್ತರ ಕೊಡಲು ಯಾರು ಕೂತಿದ್ದಾರೆ? 'ನೋ ಸ್ಟ್ಯಾಂಡರ್ಡ್ ಇನ್‌ಪುಟ್' ಅನ್ನುವ ಆಪ್ಷನ್ ಅದರದ್ದೇ ಇದೆ, ಅದನ್ನೂ ಹಾಕಿ. ಔಟ್‌ಪುಟ್ ಮತ್ತು ಎರರ್ ಎರಡನ್ನೂ ಪೈಪ್ ಮಾಡಿ, ಎರಡನ್ನೂ ಓದಿ.

ಪ್ರೋಗ್ರೆಸ್ ಬಾರ್ ತೋರಿಸಬೇಕು ಅಂತಿದ್ದರೆ ಆ ಹರಟೆಯ ಸಾಲನ್ನು ಕತ್ತರಿಸಿ ಓದುವ ಗೋಜಿಗೆ ಹೋಗಬೇಡಿ. ಎಫ್‌ಎಫ್‌ಎಂಪೆಗ್‌ಗೆ 'ಪ್ರೋಗ್ರೆಸ್' ಅಂತ ಒಂದು ಆಪ್ಷನ್ ಇದೆ, ಅದಕ್ಕೆ 1ನೇ ಪೈಪ್ ಅಂತ ಕೊಟ್ಟರೆ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಒಂದು ಸಾಲಿಗೆ ಒಂದು ಹೆಸರು, ಒಂದು ಬೆಲೆ ಅನ್ನುವ ಹಾಗೆ ಅಚ್ಚುಕಟ್ಟಾಗಿ ಬರೆಯುತ್ತದೆ. ಹರಟೆಯನ್ನು 'ನೋ ಸ್ಟ್ಯಾಟ್ಸ್' ಹಾಕಿ ಬಾಯಿ ಮುಚ್ಚಿಸಬಹುದು. ಎಷ್ಟು ಹೊತ್ತಿನ ವಿಡಿಯೊ ಆಯ್ತು ಅನ್ನುವುದನ್ನು 'ಔಟ್ ಟೈಮ್'ನಲ್ಲಿ ನೋಡಿ, ಎಫ್‌ಎಫ್‌ಪ್ರೋಬ್ (ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ, ವಿಡಿಯೊದ ವಿವರ ಹೇಳುವ ಪ್ರೋಗ್ರಾಮ್) ಕೊಟ್ಟ ಒಟ್ಟು ಉದ್ದದಿಂದ ಭಾಗಿಸಿದರೆ ಪರ್ಸೆಂಟ್ ಸಿಕ್ಕಿತು. ಒಂದು ತಮಾಷೆ: ಅದರಲ್ಲಿ 'ಎಂಎಸ್' ಅಂತ ಕೊನೆಯಾಗುವ ಹೆಸರಿನದು ಮಿಲಿಸೆಕೆಂಡ್ ಅಲ್ಲ, ಮೈಕ್ರೋಸೆಕೆಂಡ್! ಎಷ್ಟೋ ವರ್ಷದಿಂದ ಹಾಗೇ ಇದೆ. 'ಯುಎಸ್' ಅಂತ ಇರುವುದನ್ನೇ ಬಳಸಿ, ತಲೆಬಿಸಿ ಇಲ್ಲ.

ಎಫ್‌ಎಫ್‌ಪ್ರೋಬ್‌ಗೆ ಸ್ಪಾನ್ ಬೇಡ, 'ಎಕ್ಸೆಕ್‌ಫೈಲ್' ಸಾಕು. ಅದೂ ಕೂಡಿಟ್ಟೇ ಕೊಡುತ್ತದೆ, ಆದರೆ ಶೆಲ್ ಇಲ್ಲ. ಉತ್ತರ ನಾಲ್ಕು ಸಾಲಿನದ್ದಾದರೆ ಅದೇ ಸಲೀಸು.

ಇನ್ನು ನಿಮ್ಮ ಪ್ರಶ್ನೆ ಗುರುತುಗಳು. ಇದು ಇಂಗ್ಲಿಷ್‌ನಲ್ಲೇ ಕೆಲಸ ಮಾಡುವವರಿಗೆ ಕಾಣುವುದೇ ಇಲ್ಲ, ನಮ್ಮಂಥವರಿಗೆ ಮಾತ್ರ ಕಾಣುತ್ತದೆ. ಸ್ಟ್ರೀಮ್‌ನಿಂದ ಬರುವುದು ಸಾಲುಗಳಲ್ಲ, ಬೈಟ್‌ಗಳ ತುಂಡುಗಳು. ತುಂಡು ಎಲ್ಲಿ ಬೇಕಾದರೂ ಕತ್ತರಿಸಬಹುದು. 'ಯಕ್ಷಗಾನ' ಅನ್ನುವ ಪದ ನೋಡಲು ನಾಲ್ಕು ಅಕ್ಷರ, ಒಳಗೆ ಏಳು ಗುರುತು: ಯ, ಕ, ವಿರಾಮ, ಷ, ಗ, ದೀರ್ಘ, ನ. 21 ಬೈಟ್. ತುಂಡು ಸರಿಯಾಗಿ 'ಕ'ದ ಮೂರು ಬೈಟ್‌ಗಳ ನಡುವೆ ಮುರಿದರೆ, ಒಂದು ಬೈಟ್ ಈ ತುಂಡಿನಲ್ಲಿ, ಎರಡು ಮುಂದಿನದರಲ್ಲಿ. ನೀವು ಒಂದೊಂದು ತುಂಡನ್ನೂ ಅಲ್ಲಲ್ಲೇ ಸ್ಟ್ರಿಂಗ್ ಮಾಡಿದರೆ ಎರಡೂ ಅರ್ಧಕ್ಕೆ ಅರ್ಥವಿಲ್ಲ, ಎರಡೂ ಕಡೆ ಪ್ರಶ್ನೆ ಗುರುತು ಬರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅಲ್ಲಿ ಮುರಿಯಲು ಏನೂ ಇಲ್ಲ. ಪರಿಹಾರ ಒಂದೇ ಸಾಲು: ಸ್ಟ್ರೀಮ್‌ಗೆ 'ಸೆಟ್ ಎನ್‌ಕೋಡಿಂಗ್' ಕರೆದು ಯುಟಿಎಫ್-8 ಅಂತ ಹೇಳಿ. ಆಗ ಅರ್ಧ ಅಕ್ಷರ ಬಂದರೆ ನೋಡ್ ಅದನ್ನು ಹಿಡಿದಿಟ್ಟುಕೊಂಡು ಉಳಿದರ್ಧ ಬಂದ ಮೇಲೆ ಸೇರಿಸಿ ಕೊಡುತ್ತದೆ. ಸಾಲು ಸಾಲಾಗಿ ಬೇಕಿದ್ದರೆ 'ರೀಡ್‌ಲೈನ್' ಮಾಡ್ಯೂಲ್‌ಗೆ ಸ್ಟ್ರೀಮ್ ಕೊಟ್ಟುಬಿಡಿ. ಸ್ಟ್ಯಾಂಡರ್ಡ್ ಎರರ್‌ನಿಂದ ಕೊನೆಯ ಐವತ್ತು ಸಾಲು ಮಾತ್ರ ಒಂದು ಅರೇಯಲ್ಲಿ ಇಟ್ಟುಕೊಂಡು ಹಳೆಯದನ್ನು ಬಿಸಾಕುತ್ತಾ ಹೋಗಿ. ಏನಾದರೂ ಕೆಟ್ಟರೆ ಬೇಕಾಗುವುದು ಆ ಐವತ್ತೇ.

ಮುಗಿಯಿತು ಅಂತ ಯಾವಾಗ ನಂಬಬೇಕು

ಮೂರು ಇವೆಂಟ್‌ಗಳು ಇವೆ, ಮೂರಕ್ಕೂ ಬೇರೆ ಅರ್ಥ. 'ಎರರ್' ಬರುವುದು ಬಹಳ ಸಲ ಪ್ರೋಸೆಸ್ ಶುರುವೇ ಆಗದಿದ್ದಾಗ. ಎಫ್‌ಎಫ್‌ಎಂಪೆಗ್ ಒಳಗೆ ಏನೋ ತಪ್ಪಾದರೆ ಇದು ಬರುವುದಿಲ್ಲ, ಗಮನಿಸಿ. ಇದನ್ನು ಕೇಳಿಸಿಕೊಳ್ಳಲು ಫಂಕ್ಷನ್ ಹಾಕದಿದ್ದರೆ, ಎರರ್ ಬಂದಾಗ ನಿಮ್ಮ ಇಡೀ ಸರ್ವರ್ ಬೀಳುತ್ತದೆ. 'ಎಕ್ಸಿಟ್' ಅಂದರೆ ಪ್ರೋಸೆಸ್ ಸತ್ತಿತು, ಆದರೆ ಪೈಪ್‌ನಲ್ಲಿ ಇನ್ನೂ ಓದದ ಮಾತು ಉಳಿದಿರಬಹುದು. 'ಕ್ಲೋಸ್' ಅಂದರೆ ಪ್ರೋಸೆಸ್ಸೂ ಮುಗಿಯಿತು, ಪೈಪ್‌ಗಳೂ ಮುಚ್ಚಿದವು. ನಾನು ಯಾವಾಗಲೂ ಕ್ಲೋಸ್‌ಗೇ ಕಾಯುತ್ತೇನೆ. ಎಕ್ಸಿಟ್‌ನಲ್ಲೇ ತೀರ್ಮಾನ ಮಾಡಿದರೆ, ಯಾಕೆ ಕೆಟ್ಟಿತು ಅಂತ ಎಫ್‌ಎಫ್‌ಎಂಪೆಗ್ ಹೇಳಿದ ಕೊನೆಯ ಸಾಲೇ ಕೈತಪ್ಪಬಹುದು.

'ಈನೋಎಂಟ್' ('ಅಂಥ ಫೈಲ್ ಇಲ್ಲ') ಎರರ್ ಬಂದರೆ ಎಲ್ಲರೂ ಎಫ್‌ಎಫ್‌ಎಂಪೆಗ್ ಇನ್‌ಸ್ಟಾಲ್ ಆಗಿಲ್ಲ ಅಂದುಕೊಳ್ಳುತ್ತಾರೆ. ಆದರೆ ನೀವು ಸ್ಪಾನ್‌ಗೆ ಕೊಟ್ಟ ಕೆಲಸದ ಫೋಲ್ಡರ್ ಇಲ್ಲದಿದ್ದರೂ ಅದೇ ಎರರ್, ಅದೂ ಎಫ್‌ಎಫ್‌ಎಂಪೆಗ್ ಹೆಸರು ಹಿಡಿದೇ ಬರುತ್ತದೆ! ಇದಕ್ಕೆ ಅರ್ಧ ದಿನ ಕಳೆದವರಲ್ಲಿ ನಾನೂ ಒಬ್ಬ.

ಕ್ಲೋಸ್ ಬಂದಾಗ ಎರಡು ಬೆಲೆ ಸಿಗುತ್ತದೆ, ಕೋಡ್ ಮತ್ತು ಸಿಗ್ನಲ್. ಕೋಡ್ ಸೊನ್ನೆ ಆದರೆ ಮಾತ್ರ ಗೆದ್ದಿರಿ. ಕೋಡ್ ನಲ್ ಇದ್ದು ಸಿಗ್ನಲ್ ಸಿಗ್‌ಕಿಲ್ (ಆ ಕ್ಷಣವೇ ಕೊಲ್ಲುವ ಸಿಗ್ನಲ್) ಅಂತಿದ್ದರೆ, ಅದನ್ನು ನೀವು ಕಳಿಸಿಲ್ಲದಿದ್ದರೆ, ಮೊದಲು ಅನುಮಾನ ಪಡಬೇಕಾದ್ದು ಮೆಮೊರಿ ಮೇಲೆ. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ದೊಡ್ಡದೊಂದು ಪ್ರೋಸೆಸ್ ಆರಿಸಿ ಹೀಗೇ ಕೊಲ್ಲುತ್ತದೆ, ಸಣ್ಣ ಸರ್ವರ್‌ನಲ್ಲಿ ದೊಡ್ಡ ವಿಡಿಯೊ ಹಾಕಿದರೆ ಆ ಬಲಿ ಎಫ್‌ಎಫ್‌ಎಂಪೆಗ್ಗೇ ಆಗಿರುತ್ತದೆ. ಕರ್ನಲ್ ಲಾಗ್ ತೆಗೆದು ನೋಡಿದರೆ ಅಲ್ಲಿ ಬರೆದಿರುತ್ತದೆ. ನಡುವೆ ಶೆಲ್ ಇದ್ದರೆ ಇದೇ ವಿಷಯ 137 ಅನ್ನುವ ನಂಬರ್ ಆಗಿ ಬರುತ್ತದೆ, 128ಕ್ಕೆ ಸಿಗ್‌ಕಿಲ್‌ನ 9 ಸೇರಿಸಿದ್ದು.

ನೇರ ಕೊನೆಯ ಹೆಸರಿಗೇ ಬರೆಯಬೇಡಿ. ತಾತ್ಕಾಲಿಕ ಹೆಸರಿನಲ್ಲಿ ಬರೆಸಿ, ಕೋಡ್ ಸೊನ್ನೆ ಬಂದ ಮೇಲೆ ರಿನೇಮ್ ಮಾಡಿ, ಆಮೇಲೆ ಮೂಲ ಅಳಿಸಿ. ನಿಮ್ಮಲ್ಲಿ ಈಗ ಬಹುಶಃ ಹೀಗೂ ಆಗಿರಬಹುದು: ಎರರ್ ಬಂತು, ಅಪ್‌ಲೋಡ್ ಮಾಡಿದವರು ಮತ್ತೆ ಬಟನ್ ಒತ್ತಿದರು, ಹಳೇ ಅನಾಥ ಎಫ್‌ಎಫ್‌ಎಂಪೆಗ್ ಇನ್ನೂ ಬರೆಯುತ್ತಿದೆ, ಹೊಸದೂ ಅದೇ ಫೈಲ್‌ಗೆ ಬರೆಯುತ್ತಿದೆ. ಕೆಲವು ವಿಡಿಯೊ ಸುಮ್ಸುಮ್ನೆ ಹಾಳಾಗಿ ಬಂದಿದ್ದರೆ ಕಾರಣ ಹುಡುಕುವ ಕಷ್ಟ ಬೇಡ.

ಕ್ಯಾನ್ಸಲ್ ಬಟನ್

ಕಿಲ್ ಅನ್ನುವ ಹೆಸರೇ ಸ್ವಲ್ಪ ಮೋಸ. ಅದು ಸಿಗ್ನಲ್ ಕಳಿಸುತ್ತದೆ ಅಷ್ಟೇ. ಏನೂ ಹೇಳದಿದ್ದರೆ ಕಳಿಸುವುದು ಸಿಗ್‌ಟರ್ಮ್, ಅಂದರೆ 'ದಯವಿಟ್ಟು ಮುಗಿಸಪ್ಪಾ' ಅಂತ. ಆಮೇಲೆ ಚೈಲ್ಡ್ ಆಬ್ಜೆಕ್ಟ್‌ನಲ್ಲಿ 'ಕಿಲ್ಡ್' ಅನ್ನುವುದು ಟ್ರೂ ಆಗುತ್ತದೆ, ಅದರರ್ಥ ಸಿಗ್ನಲ್ ಹೋಯಿತು ಅಂತ, ಸತ್ತಿತು ಅಂತ ಅಲ್ಲ. ಸತ್ತಿದೆಯಾ ನೋಡಬೇಕಾದರೆ ಎಕ್ಸಿಟ್ ಕೋಡ್ ಮತ್ತು ಸಿಗ್ನಲ್ ಕೋಡ್ ಎರಡೂ ಇನ್ನೂ ನಲ್ ಇವೆಯಾ ಅಂತ ನೋಡಿ.

ಎಫ್‌ಎಫ್‌ಎಂಪೆಗ್ ಈ ವಿಷಯದಲ್ಲಿ ಒಳ್ಳೆಯ ಹುಡುಗ. ಸಿಗ್‌ಟರ್ಮ್ ಬಂದರೆ ಕೈಲಿದ್ದ ಕೆಲಸ ನಿಲ್ಲಿಸಿ, ಫೈಲ್‌ನ ಕೊನೆಯ ಭಾಗ ಬರೆದು, 255 ಕೋಡ್ ಕೊಟ್ಟು ಹೋಗುತ್ತದೆ. ಅದಕ್ಕೇ ಕ್ಯಾನ್ಸಲ್ ಮಾಡಿದಾಗ ನಿಮಗೆ ಸಿಗ್ನಲ್ ಬದಲು 255 ಕಾಣಬಹುದು, ಗಾಬರಿ ಬೇಡ, ಕ್ಯಾನ್ಸಲ್ ಮಾಡಿದ್ದು ನಾವೇ ಅಂತ ನಿಮ್ಮ ಕಡೆ ಒಂದು ಗುರುತು ಇಟ್ಟುಕೊಳ್ಳಿ. ಸಿಗ್‌ಕಿಲ್ ಹಾಗಲ್ಲ, ಅಲ್ಲೇ ಮುಗಿಸುತ್ತದೆ. ಎಂಪಿ4 ಫೈಲ್‌ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ಕೊನೆಗೆ ಬರೆಯುತ್ತಾರೆ, ಸಿಗ್‌ಕಿಲ್ ಬಿದ್ದರೆ ಆ ಪಟ್ಟಿಯೇ ಇಲ್ಲ, ಎರಡು ಜಿಬಿ ಫೈಲ್ ಇದ್ದರೂ ಯಾವ ಪ್ಲೇಯರೂ ತೆರೆಯುವುದಿಲ್ಲ. ಹಾಗಾಗಿ ಮೊದಲು ಸಿಗ್‌ಟರ್ಮ್, ಹತ್ತು ಸೆಕೆಂಡ್ ಕಾದು, ಇನ್ನೂ ಬದುಕಿದ್ದರೆ ಸಿಗ್‌ಕಿಲ್. ಟೈಮರನ್ನು ಕ್ಲೋಸ್‌ನಲ್ಲಿ ತೆಗೆಯಲು ಮರೆಯಬೇಡಿ. ನಿಮ್ಮ ಕೋಡ್‌ನಲ್ಲಿ ಅಬಾರ್ಟ್ ಕಂಟ್ರೋಲರ್ ಆಗಲೇ ಇದ್ದರೆ ಅದರ ಸಿಗ್ನಲನ್ನು ಸ್ಪಾನ್‌ಗೇ ಕೊಡಬಹುದು, ಟೈಮ್‌ಔಟ್ ಆಪ್ಷನ್ ಕೂಡ ಇದೆ. ಆದರೆ ಈ ಎರಡು ಹಂತದ ಕೊಲ್ಲುವಿಕೆ ಮಾತ್ರ ಕೈಯಾರೆ ಬರೆಯಬೇಕು.

ಮುಂದೆಂದಾದರೂ ಮೊಮ್ಮಕ್ಕಳಿರುವ ಪ್ರೋಗ್ರಾಮ್ ಓಡಿಸಬೇಕಾಗಿ ಬಂದರೆ 'ಡಿಟ್ಯಾಚ್ಡ್' ಟ್ರೂ ಕೊಟ್ಟು ಶುರು ಮಾಡಿ. ಆಗ ಲಿನಕ್ಸ್‌ನಲ್ಲಿ ಚೈಲ್ಡ್ ಹೊಸ ಪ್ರೋಸೆಸ್ ಗುಂಪಿಗೆ ಯಜಮಾನ ಆಗುತ್ತದೆ, ಪಿಐಡಿಗೆ ಮೊದಲು ಮೈನಸ್ ಹಾಕಿ 'ಪ್ರೋಸೆಸ್ ಡಾಟ್ ಕಿಲ್' ಕರೆದರೆ ಇಡೀ ಮನೆಗೇ ಸಿಗ್ನಲ್ ಹೋಗುತ್ತದೆ. ನನ್ನ ಕ್ರೋಮ್ ಕಥೆ ಕೊನೆಗೆ ಮುಗಿದದ್ದು ಹೀಗೆ. ಆದರೆ ಇದಕ್ಕೊಂದು ಬೆಲೆ ಇದೆ. ಬೇರೆ ಮನೆ ಮಾಡಿದ ಮೇಲೆ ಟರ್ಮಿನಲ್‌ನಲ್ಲಿ ನೀವು ಒತ್ತುವ ಕಂಟ್ರೋಲ್-ಸಿ ಅದಕ್ಕೆ ಕೇಳಿಸುವುದಿಲ್ಲ, ನೋಡ್ ಸಾಯುವಾಗ ಅದನ್ನೂ ಕೊಲ್ಲುವ ಜವಾಬ್ದಾರಿ ನಿಮ್ಮದೇ. ನಿಮಗೆ ಸದ್ಯಕ್ಕೆ ಬೇಡ, ಎಫ್‌ಎಫ್‌ಎಂಪೆಗ್‌ಗೆ ಮಕ್ಕಳಿಲ್ಲ.

ಒಟ್ಟಿಗೆ ಎಷ್ಟು, ಸರ್ವರ್ ನಿಲ್ಲಿಸಿದರೆ ಏನು

ಒಂದೇ ಹೊತ್ತಿಗೆ ಆರು ಜನ ಅಪ್‌ಲೋಡ್ ಮಾಡಿದರೆ ಆರು ಎಫ್‌ಎಫ್‌ಎಂಪೆಗ್ ಶುರು ಮಾಡಬೇಡಿ. ಎಫ್‌ಎಫ್‌ಎಂಪೆಗ್ ಒಳಗೆ ವಿಡಿಯೊ ಕುಗ್ಗಿಸುವ ಎಕ್ಸ್264 ಎನ್‌ಕೋಡರ್ ಒಂದೇ ಇದ್ದರೂ ಇದ್ದಬದ್ದ ಕೋರ್‌ಗಳನ್ನೆಲ್ಲ ಬಳಸಲು ನೋಡುತ್ತದೆ. ಆರೂ ಜಗಳಕ್ಕೆ ನಿಂತರೆ ಯಾವುದೂ ಬೇಗ ಮುಗಿಯುವುದಿಲ್ಲ, ನಡುವೆ ನಿಮ್ಮ ವೆಬ್‌ಸೈಟ್ ತೆರೆಯಲು ಬಂದವರಿಗೂ ಉಸಿರು ಕಟ್ಟುತ್ತದೆ. ಒಂದು ಕ್ಯೂ ಮಾಡಿ, ಒಂದು ಸಲಕ್ಕೆ ಒಂದು, ಜಾಸ್ತಿ ಅಂದರೆ ಎರಡು. 'ಓಎಸ್' ಮಾಡ್ಯೂಲ್‌ನ 'ಸೆಟ್ ಪ್ರಯಾರಿಟಿ'ಗೆ ಚೈಲ್ಡ್‌ನ ಪಿಐಡಿ ಮತ್ತು 10 ಕೊಟ್ಟರೆ ಎಫ್‌ಎಫ್‌ಎಂಪೆಗ್ ಸ್ವಲ್ಪ ಹಿಂದೆ ಸರಿದು ವೆಬ್‌ಸೈಟ್‌ಗೆ ದಾರಿ ಬಿಡುತ್ತದೆ. ರಾತ್ರಿಯ ಆಟ ಬೆಳಗಾಗುವ ಹೊತ್ತಿಗೆ ಮುಗಿದರೆ ಸಾಕಲ್ವಾ.

ಹೆಸರಿನ ಕೊನೆಗೆ 'ಸಿಂಕ್' ಅಂತ ಇರುವವನ್ನು ಸರ್ವರ್‌ನಲ್ಲಿ ಮುಟ್ಟಬೇಡಿ. ಚೈಲ್ಡ್ ಮುಗಿಯುವ ತನಕ, ನೋಡ್‌ನ ಕೆಲಸಗಳನ್ನು ಸರದಿಯಲ್ಲಿ ನಡೆಸುವ ಇವೆಂಟ್ ಲೂಪ್ ನಿಂತಿರುತ್ತದೆ, ಯಾರಿಗೂ ಉತ್ತರ ಹೋಗುವುದಿಲ್ಲ. ಬಿಲ್ಡ್ ಸ್ಕ್ರಿಪ್ಟ್‌ಗಳಿಗೆ ಅವು ಸರಿ. 'ಫೋರ್ಕ್' ಕೂಡ ನಿಮಗಲ್ಲ, ಅದು ಇನ್ನೊಂದು ನೋಡ್ ಪ್ರೋಸೆಸ್ ಶುರು ಮಾಡಿ ಎರಡರ ನಡುವೆ ಮೆಸೇಜ್ ಕಳಿಸಲು ಇರುವುದು. ಯೂನಿಕ್ಸ್‌ನ ಫೋರ್ಕ್ ಹಾಗೆ ನಕಲು ಮಾಡುವುದೂ ಇಲ್ಲ, ಹೆಸರು ಮಾತ್ರ ಅದರದ್ದು.

ಡೆಪ್ಲಾಯ್ ಮಾಡುವಾಗ, ಅಂದರೆ ಹೊಸ ಕೋಡನ್ನು ಸರ್ವರ್‌ಗೆ ಹಾಕುವಾಗ, ನೋಡ್‌ಗೆ ಸಿಗ್‌ಟರ್ಮ್ ಬರುತ್ತದೆ. ಅದನ್ನು ಹಿಡಿದು, ಹೊಸ ಕೆಲಸ ತೆಗೆದುಕೊಳ್ಳುವುದು ನಿಲ್ಲಿಸಿ, ಓಡುತ್ತಿರುವ ಮಕ್ಕಳಿಗೆ ಸಿಗ್ನಲ್ ಕೊಟ್ಟು, ಕ್ಲೋಸ್ ಬಂದ ಮೇಲೆ ಹೊರಡಿ. ಲಿನಕ್ಸ್‌ನ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಸರ್ವಿಸ್ ಆಗಿ ಓಡಿಸುತ್ತಿದ್ದರೆ ಪುಣ್ಯ, ಸರ್ವಿಸ್ ನಿಲ್ಲಿಸಿದಾಗ ಅದು ಆ ಗುಂಪಿನ ಎಲ್ಲ ಪ್ರೋಸೆಸ್‌ಗೂ ಸಿಗ್ನಲ್ ಕಳಿಸುತ್ತದೆ, ಅನಾಥರೂ ಸೇರಿ. ಪ್ರೋಗ್ರಾಮನ್ನು ಬೇರೆಯೇ ಕಂಟೇನರ್‌ನಲ್ಲಿ ಓಡಿಸುವ ಡಾಕರ್ ಆದರೆ ನೋಡ್ ತಾನೇ 1ನೇ ನಂಬರಿನ ಪ್ರೋಸೆಸ್ ಆಗಿ ಕೂತಿರುತ್ತದೆ, ಅನಾಥರನ್ನು ದತ್ತು ತೆಗೆದುಕೊಂಡು ಸತ್ತ ಮೇಲೆ ಮಣ್ಣು ಮಾಡುವ ಕೆಲಸ ಅದಕ್ಕೆ ಬರುವುದಿಲ್ಲ. ಕಂಟೇನರ್ ಶುರು ಮಾಡುವಾಗ 'ಇನಿಟ್' ಆಪ್ಷನ್ ಹಾಕಿ. ಡಾಕರ್ ಸಾಮಾನ್ಯವಾಗಿ ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ, ಆಮೇಲೆ ಸಿಗ್‌ಕಿಲ್, ಆ ಸಮಯವನ್ನೂ ಸ್ವಲ್ಪ ಏರಿಸಿ.

ಜೊತೆಗೆ ಕೆಲಸ ಮಾಡುವವರು ಯಾರಾದರೂ ವಿಂಡೋಸ್‌ನಲ್ಲಿದ್ದರೆ ಒಂದು ಮಾತು. 2024ರ ಏಪ್ರಿಲ್‌ನಲ್ಲಿ ಬಂದ ಸೆಕ್ಯೂರಿಟಿ ತಿದ್ದುಪಡಿಯ ನಂತರ (ನೋಡ್ 18.20.2, 20.12.2, 21.7.3) ಬ್ಯಾಟ್ ಮತ್ತು ಸಿಎಂಡಿ ಫೈಲ್‌ಗಳನ್ನು ಶೆಲ್ ಇಲ್ಲದೆ ಸ್ಪಾನ್ ಮಾಡಲು ಆಗುವುದಿಲ್ಲ, ಎರರ್ ಬರುತ್ತದೆ. ಎಫ್‌ಎಫ್‌ಎಂಪೆಗ್ ಇಎಕ್ಸ್‌ಇ ಆದ್ದರಿಂದ ಅದಕ್ಕೆ ತೊಂದರೆ ಇಲ್ಲ, ಎನ್‌ಪಿಎಂ (ನೋಡ್‌ನ ಪ್ಯಾಕೇಜ್ ಹಾಕುವ ಕಮಾಂಡ್) ಓಡಿಸಲು ಹೋದವರಿಗೆ ಮಾತ್ರ ತಗಲುತ್ತದೆ. ಅದಕ್ಕೆ ಮದ್ದು ಅಂತ ಎಲ್ಲ ಕಡೆ 'ಶೆಲ್ ಟ್ರೂ' ಹಾಕಿಬಿಡುವವರಿದ್ದಾರೆ. ಶೆಲ್ ಟ್ರೂ ಹಾಕಿ ಅರೇ ಕೊಟ್ಟರೆ ನೋಡ್ ಅರೇಯನ್ನು ಸುಮ್ಮನೆ ಜೋಡಿಸಿ ಶೆಲ್‌ಗೆ ಕೊಡುತ್ತದೆ, ಏನೂ ಕಾಪಾಡುವುದಿಲ್ಲ. ನೋಡ್ 24 ಇದಕ್ಕೆ ಎಚ್ಚರಿಕೆಯನ್ನೇ ಪ್ರಿಂಟ್ ಮಾಡುತ್ತದೆ.

ಹೊಸ ಕೋಡ್ ಹಾಕುವ ಮೊದಲು ಸರ್ವರ್‌ನಲ್ಲಿ ಪ್ರೋಸೆಸ್ ಮರ ತೋರಿಸುವ 'ಪಿಎಸ್‌ಟ್ರೀ' ಕಮಾಂಡನ್ನು ಪಿಐಡಿ ಸಮೇತ ಓಡಿಸಿ. ನೋಡ್‌ನ ಕೆಳಗೆ ಇಲ್ಲದೆ ಎಲ್ಲೋ ಮೇಲೆ ನೇತಾಡುತ್ತಿರುವ ಎಫ್‌ಎಫ್‌ಎಂಪೆಗ್‌ಗಳು ನಿಮ್ಮ ಹಳೇ ಅನಾಥರು, ಅವನ್ನು ಒಂದೊಂದಾಗಿ ನಿಲ್ಲಿಸಿ. ಹೊಸ ಕೋಡ್ ಹಾಕಿದ ಮೇಲೆ ದೊಡ್ಡ ವಿಡಿಯೊ ಒಂದು ಕೊಟ್ಟು ಮತ್ತೆ ಅದೇ ಕಮಾಂಡ್ ಓಡಿಸಿ. ನೋಡ್‌ನ ಕೆಳಗೆ ನೇರವಾಗಿ ಎಫ್‌ಎಫ್‌ಎಂಪೆಗ್ ಕಾಣಬೇಕು, ನಡುವೆ ಶೆಲ್ ಇರಬಾರದು. ಕ್ಯಾನ್ಸಲ್ ಒತ್ತಿ, ಹತ್ತು ಸೆಕೆಂಡ್ ಬಿಟ್ಟು ಇನ್ನೊಮ್ಮೆ ನೋಡಿ. ಆಗಲೂ ಇದ್ದರೆ ಆ ಮರದ ಔಟ್‌ಪುಟ್ ಮತ್ತು ನಿಮ್ಮ ಸ್ಪಾನ್ ಸಾಲು ಎರಡನ್ನೂ ಸೇರಿಸಿ ಮತ್ತೆ ಬರೆಯಿರಿ.